ಮಣಿಕಟ್ಟಿನ ಮೇಲಿನ ಹೆಸರು

ಆರು ತಿಂಗಳು ನನ್ನ ಹೊಟ್ಟೆನೋವಿಗೆ ನಾವೆಲ್ಲ ಸೇರಿ ಇಟ್ಟಿದ್ದ ಹೆಸರು ಗ್ಯಾಸು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹಿಡಿದು ಹಿಂಡಿದ ಹಾಗೆ ಬರುತ್ತಿತ್ತು, ಬೆನ್ನಿಗೆ ಹೊರಳುತ್ತಿತ್ತು, ಒಂದು ಗಂಟೆ ಕುಣಿಸಿ ತಾನಾಗಿ ಹೋಗುತ್ತಿತ್ತು. ಮನೆಯಲ್ಲಿ ಓಮಿನ ಕಷಾಯ, ಫ್ಯಾಕ್ಟರಿಯಲ್ಲಿ ಸೋಡಾ, ಲಗ್ಗೆರೆಯ ನಮ್ಮ ಮನೆ ಓನರಮ್ಮ ಕೊಟ್ಟ ಇಂಗಿನ ನೀರು, ಎಲ್ಲ ಆಯಿತು. ಯಾವುದನ್ನು ಕುಡಿದರೂ ಒಂದು ಗಂಟೆಯಲ್ಲಿ ನೋವು ಹೋಗುತ್ತಿತ್ತಲ್ಲ, ಎಲ್ಲವೂ ಗುಣ ಕೊಟ್ಟ ಹಾಗೇ ಕಾಣುತ್ತಿತ್ತು.

ನಾನು ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಮೊದಲು ಹೊಲಿಗೆಯಲ್ಲಿದ್ದೆ, ಈಗ ಚೆಕಿಂಗ್. ಹೊಲಿದು ಬಂದ ಅಂಗಿಯನ್ನು ಒಳಗು ಹೊರಗು ತಿರುವಿ ನೋಡಿ, ಗುಂಡಿ ಸಡಿಲವೋ, ಹೊಲಿಗೆ ಬಿಟ್ಟಿದೆಯೋ, ಲೇಬಲ್ ಸರಿಯಿದೆಯೋ ಎಂದು ಹೇಳುವ ಕೆಲಸ. ಲೇಬಲ್ ಇಲ್ಲದ ಅಂಗಿ ನನ್ನ ಟೇಬಲ್ ದಾಟಿದ ದಾಖಲೆ ಇಲ್ಲ. ಈ ಮಾತನ್ನು ನೆನಪಿಡಿ, ಆಮೇಲೆ ನನ್ನನ್ನು ನೋಡಿ ನಗುವುದಕ್ಕೆ ಬೇಕಾಗುತ್ತದೆ.

ನಮ್ಮ ಲೈನಿನಲ್ಲಿ ಒಂದು ಕಟ್ಟಳೆ ಇದೆ. ಮಿಷನ್ನಿನ ಸೂಜಿ ಮುರಿದರೆ ಹೊಲಿಯುವವಳು ತಕ್ಷಣ ಕೈ ಎತ್ತಬೇಕು. ಚೂರೆಲ್ಲ ಸಿಗುವವರೆಗೆ ಆ ಮಿಷನ್ನು ಓಡುವ ಹಾಗಿಲ್ಲ. ನೆಲದ ಮೇಲೆ ಅಯಸ್ಕಾಂತ ಆಡಿಸಿ, ಬಟ್ಟೆ ಕೊಡವಿ, ಸಿಕ್ಕ ಚೂರುಗಳನ್ನು ಕಾಗದದ ಮೇಲೆ ಟೇಪು ಹಾಕಿ ಅಂಟಿಸಿ, ಇಡೀ ಸೂಜಿಯ ಆಕಾರ ಕೂಡಿದ ಮೇಲೇ ಹೊಸ ಸೂಜಿ. ಮುರಿದದ್ದಕ್ಕೆ ಬೈಗುಳವಿಲ್ಲ. ಸೂಜಿ ಎಂದ ಮೇಲೆ ಮುರಿಯುತ್ತದೆ. ಚೂರನ್ನು ಬಚ್ಚಿಟ್ಟುಕೊಂಡು ಕೂತವಳನ್ನು ಮಾತ್ರ ನಾವು ಯಾರೂ ಕ್ಷಮಿಸುವುದಿಲ್ಲ. ಯಾವ ಊರಿನ ಯಾವ ಮಗುವಿನ ಕುತ್ತಿಗೆಗೆ ಅದು ಚುಚ್ಚುತ್ತದೋ ಯಾರಿಗೆ ಗೊತ್ತು!

ಒಂದು ದಿನ ಮಧ್ಯಾಹ್ನ ಆಲೂಗಡ್ಡೆ ಬೋಂಡ ತಿಂದು ಟೇಬಲ್ಲಿಗೆ ಬಂದವಳು, ಕೈಯಲ್ಲಿದ್ದ ಅಂಗಿಯ ಸಮೇತ ನೆಲಕ್ಕೆ ಕೂತೆ. ಈ ಸಲದ ನೋವು ಗಂಟೆಯ ಲೆಕ್ಕಕ್ಕೆ ಬಗ್ಗಲಿಲ್ಲ. ಮೈ ಕೆಂಡವಾಯಿತು. ಜೊತೆಯವರು ಆಟೋ ಹತ್ತಿಸಿ ಹತ್ತಿರದ ಒಂದು ಟ್ರಸ್ಟ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಲೇತ್ ಕೆಲಸದಿಂದ ನೇರ ಓಡಿಬಂದ ನನ್ನ ಗಂಡ ರಾಜಣ್ಣನ ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. ಕಾಯುವ ಕೋಣೆಯಲ್ಲಿ ಒಬ್ಬ ಹಿರಿಯರು ತಮ್ಮ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು, ಮಗಳ ಮದುವೆ ಫೋಟೋ ತೋರಿಸುವ ಹಾಗೆ. ನಾನು ನರಳುತ್ತಲೇ ನೋಡಿ "ಚೆನ್ನಾಗಿದೆ" ಎಂದೆನಂತೆ. ರಾಜಣ್ಣ ಇವತ್ತಿಗೂ ಅದನ್ನು ಹೇಳಿ ನಗುತ್ತಾನೆ.

ಡಾಕ್ಟರು ಅರ್ಧ ನರೆತ ಜಡೆಯ ಹೆಂಗಸು. ಸ್ಕ್ಯಾನಿಂಗ್ ನೋಡಿ ಹೇಳಿದರು: "ಮಂಜುಳಾ, ನಿಮ್ಮದು ಗ್ಯಾಸ್ ಅಲ್ಲ. ಪಿತ್ತಕೋಶದಲ್ಲಿ ಕಲ್ಲಿದೆ. ಕೀವೂ ಆಗಿದೆ."

"ಕಲ್ಲಾ?" ರಾಜಣ್ಣನಿಗೆ ಅವಮಾನವೇ ಆಯಿತು. "ಇವಳು ಅಕ್ಕಿ ಆರಿಸ್ದೆ ಒಂದು ದಿನನೂ ಅನ್ನ ಮಾಡಿಲ್ಲ ಮೇಡಂ!"

ಕೀವು ಇಳಿಯುವವರೆಗೆ ನಾಲ್ಕೈದು ದಿನ ಔಷಧಿ, ಆಮೇಲೆ ಆಪರೇಷನ್ ಎಂದು ಸೇರಿಸಿಕೊಂಡರು. ನನಗೆ ಹೊಟ್ಟೆ ಕೊಯ್ಯುತ್ತಾರೆಂಬುದಕ್ಕಿಂತ, ಎಚ್ಚರ ತಪ್ಪಿಸುತ್ತಾರೆಂಬುದು ದೊಡ್ಡ ಹೆದರಿಕೆ. ಎಚ್ಚರವಿರುವ ತನಕ ನಾನು ಚೆಕ್ಕರ್. ಎಚ್ಚರ ತಪ್ಪಿದ ಮೇಲೆ ನನ್ನನ್ನು ಚೆಕ್ ಮಾಡುವವರು ಯಾರು?

ಹೆಂಗಸರ ವಾರ್ಡಿನಲ್ಲಿ ನನ್ನದು ಹನ್ನೊಂದನೆಯ ಹಾಸಿಗೆ. ಹನ್ನೆರಡರಲ್ಲಿ ಶರಣಮ್ಮ, ರಾಯಚೂರು ಕಡೆಯ ಅಜ್ಜಿ. ಮಗ ಇಲ್ಲೇ ಗೌಂಡಿ ಕೆಲಸಕ್ಕೆ ಬಂದು ರೂಮು ಮಾಡಿಕೊಂಡಿದ್ದ, ಮೊಮ್ಮಗುವನ್ನು ನೋಡಲು ಬಂದ ಅಜ್ಜಿ ಸಕ್ಕರೆ ಕಾಯಿಲೆಯ ಕಾಲುಹುಣ್ಣು ಕೆದರಿ ಆಸ್ಪತ್ರೆ ಸೇರಿದ್ದರು. ನನ್ನನ್ನು ಸಾಕಿದವಳೂ ಅಜ್ಜಿಯೇ, ಕುಣಿಗಲ್ ಕಡೆಯವಳು. ಹಾಗಾಗಿ ಮುದುಕಿಯರ ಪಕ್ಕ ನನಗೆ ಎಲ್ಲಿದ್ದರೂ ತವರು. ಎರಡೇ ದಿನದಲ್ಲಿ ಅವರ ಕುಪ್ಪಸಕ್ಕೆ ಹುಕ್ಕು ಹಾಕಿಕೊಟ್ಟೆ. ನನ್ನ ಪರ್ಸಿನಲ್ಲಿ ಸೂಜಿ, ದಾರ, ದಾರ ಕತ್ತರಿಸುವ ಪುಟ್ಟ ಟ್ರಿಮ್ಮರ್ ಯಾವಾಗಲೂ ಇರುತ್ತವೆ.

ಆ ಟ್ರಿಮ್ಮರಿನಿಂದಲೇ ಮೂರನೆಯ ಸಂಜೆ ಒಂದು ಕೆಲಸ ಮಾಡಿದೆ. ಸೇರಿಸಿಕೊಳ್ಳುವಾಗ ಮಣಿಕಟ್ಟಿಗೆ ಹೆಸರು, ನಂಬರು ಬರೆದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಡ್ರಿಪ್ಪಿನಿಂದ ಕೈ ಊದಿಕೊಂಡು ಅದರ ಅಂಚು ಚರ್ಮ ಕೆರೆಯುತ್ತಿತ್ತು. ಕಾಲರಿನ ಚುಚ್ಚುವ ಲೇಬಲ್ಲನ್ನು ಕತ್ತರಿಸುವ ಹಾಗೆ ಟಕ್ ಎಂದು ಕತ್ತರಿಸಿ, ಬಿಸಾಡಲು ಮನಸ್ಸಾಗದೆ ಪರ್ಸಿಗೆ ಹಾಕಿಕೊಂಡೆ. ಹಾಯೆನಿಸಿತು.

ಮರುದಿನ ಬೆಳಗ್ಗೆ ಏಳರ ಹೊತ್ತು. ರಾತ್ರಿಯ ಸಿಸ್ಟರುಗಳು ಹೊರಟು ಹಗಲಿನವರು ಬರುವ ಸಮಯ. ನನಗೆ ಇನ್ನೊಂದು ಸ್ಕ್ಯಾನ್ ಇದ್ದುದರಿಂದ ಡ್ರಿಪ್ ತೆಗೆದಿದ್ದರು, ಖಾಲಿ ಹೊಟ್ಟೆಯಲ್ಲಿರಲು ಹೇಳಿದ್ದರು. ಶರಣಮ್ಮ ಕಂಬಳಿಯೊಳಗೆ ಮುದುಡಿಕೊಂಡು ಎಸಿಯನ್ನು ಶಪಿಸುತ್ತಿದ್ದರು.

"ಯವ್ವಾ, ತಲಿ ಮ್ಯಾಲ ಕುಂತು ಊದತೈತಿ ನೋಡು ಇದು. ಎಲುಬೆಲ್ಲ ಥಂಡಿ ಹಿಡದಾವ."

"ಬನ್ನಿ ಅಜ್ಜಿ, ನೀವು ಈ ಕಡೆ ಬಂದ್ಬಿಡಿ. ನನಗೆ ಸೆಕೆ, ನನಗೆ ಗಾಳಿ ಬೇಕು."

"ಯಾರರ ಬೈತಾರೇನು?"

"ಬಸ್ಸಲ್ಲಿ ಸೀಟು ಬಿಟ್ಟುಕೊಟ್ರೆ ಯಾರಾದ್ರೂ ಬೈತಾರಾ?"

ಅಜ್ಜಿ ಹನ್ನೊಂದಕ್ಕೆ ಬಂದರು, ನಾನು ಹನ್ನೆರಡಕ್ಕೆ ಹೋದೆ. ದಿಂಬು, ಫ್ಲಾಸ್ಕು ಎಲ್ಲ ಬದಲಾಯಿಸಿದೆವು. ಹಾಸಿಗೆಯ ಕಾಲಡಿ ತೂಗುತ್ತಿದ್ದ ಕಾಗದಗಳು ಮಾತ್ರ ಅಲ್ಲಲ್ಲೇ ಉಳಿದವು.

ಏಳೂವರೆಗೆ ಸಿಸ್ಟರ್ ಪ್ರತಿಮಾ ಬಂದರು. ಚಾಮರಾಜನಗರದ ಹುಡುಗಿ, ಅವತ್ತೇ ನಮ್ಮ ವಾರ್ಡಿಗೆ ಹಾಕಿದ್ದರು. ಕಾಗದ ನೋಡಿದರು, ನನ್ನ ತೋಳು ಒರೆಸಿದರು. "ಸ್ವಲ್ಪ ಚುಚ್ಚುತ್ತೆ ಅಮ್ಮಾ."

"ಚುಚ್ಚಮ್ಮ, ಪರವಾಗಿಲ್ಲ," ಎಂದೆ. ಯಾವ ಔಷಧಿ, ಯಾಕೆ ಎಂದು ಕೇಳಲಿಲ್ಲ. ಅಂಗಿಯ ತೋಳಿನಲ್ಲಿ ಒಂದು ಎಳೆ ಹೊರಗೆ ಬಂದಿದ್ದರೆ ಯಾಕೆ ಎಂದು ಕೇಳುವವಳು ನಾನು. ಸ್ಕ್ಯಾನಿಗೆ ಸಂಬಂಧಪಟ್ಟದ್ದಿರಬೇಕು ಅಂದುಕೊಂಡೆ.

ಒಂಬತ್ತರ ಸುಮಾರಿಗೆ ಸ್ಕ್ಯಾನಿಂಗ್ ಕೋಣೆಯ ಮುಂದಿನ ಬೆಂಚಿನಲ್ಲಿ ರಾಜಣ್ಣನ ಪಕ್ಕ ಕೂತಿದ್ದೆ. ಮೊದಲು ಬಂದದ್ದು ಹಸಿವು. ಎಂಥ ಹಸಿವು ಎಂದರೆ, ಎದುರಿನ ಗೋಡೆಯ ಮೇಲೆ ಬರೆದಿದ್ದ ಹಣ್ಣಿನ ಬುಟ್ಟಿಯನ್ನು ಕಿತ್ತು ತಿನ್ನುವಂಥದ್ದು. ಆಮೇಲೆ ಬೆವರು. ಕೈಗಳು ಹೊಲಿಗೆ ಮಿಷನ್ನಿನ ಮೇಲಿಟ್ಟ ಹಾಗೆ ನಡುಗತೊಡಗಿದವು.

"ರೀ, ನನಗೇನೋ ಆಗ್ತಿದೆ," ಎಂದೆ. ರಾಜಣ್ಣನ ಮುಖ ಎರಡಾಗಿ ಕಂಡಿತು. ಎರಡೂ ಮುಖಗಳು ಒಟ್ಟಿಗೆ "ಸಿಸ್ಟರ್!" ಎಂದು ಕೂಗಿದ್ದಷ್ಟೇ ನೆನಪು.

ಸ್ಕ್ಯಾನಿಂಗ್ ಕೋಣೆಯ ಸಿಸ್ಟರ್ ಬೆರಳು ಚುಚ್ಚಿ ನೋಡಿದರಂತೆ, ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತಂತೆ. ಓಡಿಬಂದು ಗ್ಲೂಕೋಸ್ ಏರಿಸಿದರು. ಕಣ್ಣು ಬಿಟ್ಟಾಗ ರಾಜಣ್ಣ ನನ್ನ ಪಾದ ಉಜ್ಜುತ್ತಿದ್ದ. ಡ್ಯೂಟಿ ಡಾಕ್ಟರು, "ಖಾಲಿ ಹೊಟ್ಟೆ ಅಲ್ವಾ, ನಿತ್ರಾಣ ಆಗಿದೆ," ಎಂದರು. ನಾವು ನಂಬಿದೆವು. ಇನ್ನೇನು ನಂಬುವುದು? ನನ್ನ ತಮ್ಮ ಶಿವು ಟೆಂಪೋ ನಿಲ್ಲಿಸಿ ಬಂದವನು, "ಊಟ ಕೊಡ್ದೆ ಸಾಯಿಸ್ತಾರಾ ಇವ್ರು?" ಎಂದು ಬೈದು ಹಣ್ಣಿನ ರಸ ತಂದ. ವಿಷಯ ಅಲ್ಲಿಗೆ ಮುಗಿಯಬಹುದಿತ್ತು. ಮುಗಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಹನ್ನೊಂದೂವರೆಗೆ ನರೆತ ಜಡೆಯ ಡಾಕ್ಟರು ಬಂದರು. ಅವರ ಹಿಂದೆ ಪ್ರತಿಮಾ. ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ನಿಂತು ಹೇಳುವ ಮಾತಲ್ಲ ಇದು ಎಂದು ನನಗೆ ಆಗಲೇ ತಿಳಿಯಿತು.

"ಮಂಜುಳಾ, ಬೆಳಗ್ಗೆ ನಿಮಗೆ ಆಗಿದ್ದು ಖಾಲಿ ಹೊಟ್ಟೆಯಿಂದ ಅಲ್ಲ. ನಮ್ಮ ತಪ್ಪಿನಿಂದ. ಪಕ್ಕದ ಅಜ್ಜಿಗೆ ಕೊಡಬೇಕಾದ ಇನ್ಸುಲಿನ್ ನಿಮಗೆ ಕೊಟ್ಟಿದ್ದೀವಿ. ಅದಕ್ಕೇ ಸಕ್ಕರೆ ಇಳೀತು. ಈಗ ಅಪಾಯ ದಾಟಿದೆ, ಆದ್ರೂ ಗಂಟೆಗೊಂದು ಸಲ ನೋಡ್ತಾ ಇರ್ತೀವಿ. ಮೊದಲು ನಿಮಗೆ ಹೇಳಿದ ಕಾರಣ ಸರಿಯಲ್ಲ. ನಮ್ಮನ್ನ ಕ್ಷಮಿಸಿ."

ಪ್ರತಿಮಾ ತಲೆ ತಗ್ಗಿಸಲಿಲ್ಲ. ಕಣ್ಣು ಕೆಂಪಾಗಿತ್ತು, ಆದರೂ ನನ್ನ ಮುಖ ನೋಡಿಕೊಂಡೇ ಹೇಳಿದಳು: "ಕೊಟ್ಟಿದ್ದು ನಾನು ಅಕ್ಕ. ಹೆಸರು ಕೇಳ್ಬೇಕಿತ್ತು. ಕೇಳ್ಲಿಲ್ಲ."

ಶಿವು ಎದ್ದು ನಿಂತ. "ಕ್ಷಮಿಸಿ ಅಂದ್ಬಿಟ್ರೆ ಆಯ್ತಾ ಮೇಡಂ? ನಮ್ಮಕ್ಕ ಹೋಗ್ಬಿಟ್ಟಿದ್ರೆ ಯಾರ ಹತ್ರ ಕೇಳ್ತಿದ್ರಿ ಕ್ಷಮೆ? ಇರಿ, ಇದನ್ನೆಲ್ಲ ವಿಡಿಯೋ ಮಾಡಿ ಹಾಕ್ತೀನಿ. ಮೊದ್ಲು ಈ ಹುಡುಗೀನ ಕೆಲಸದಿಂದ ತೆಗೀರಿ."

"ನಿಮ್ಮ ಕೋಪ ನ್ಯಾಯವೇ," ಡಾಕ್ಟರು ಕೂತಲ್ಲಿಂದ ಏಳಲಿಲ್ಲ. "ದೂರು ಕೊಡೋದಾದ್ರೆ ಎಲ್ಲಿ ಕೊಡ್ಬೇಕು ಅಂತ ನಾನೇ ಬರೆದು ಕೊಡ್ತೀನಿ. ಇಲ್ಲಿ ಆಪರೇಷನ್ ಬೇಡ ಅಂದ್ರೆ ಎಲ್ಲ ಕಾಗದ ಕೊಟ್ಟು ಬೇರೆ ಆಸ್ಪತ್ರೆಯವರ ಜೊತೆ ಮಾತಾಡ್ತೀನಿ. ತುಂಬಾ ದಿನ ತಡ ಮಾತ್ರ ಮಾಡ್ಬೇಡಿ. ಯೋಚನೆ ಮಾಡಿ, ನಾಳೆ ಬೆಳಗ್ಗೆ ಹೇಳಿ."

ಅವರು ಹೋದ ಮೇಲೆ ನನಗೆ ಬಂದದ್ದು ಕೋಪವಲ್ಲ, ಚಳಿ. ಇನ್ನೆರಡು ದಿನದಲ್ಲಿ ಇದೇ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಬೇಕು. ಎಚ್ಚರವಿದ್ದಾಗಲೇ ನಾನು ಶರಣಮ್ಮನಾಗಿಬಿಟ್ಟಿದ್ದೆನಲ್ಲ! ಈ ಕೈಗಳಿಗೆ ಹೊಟ್ಟೆ ಒಪ್ಪಿಸುವುದೋ, ಎದ್ದು ಬೇರೆ ಕಡೆ ಹೋಗುವುದೋ? ಮಧ್ಯಾಹ್ನವೆಲ್ಲ ಅದೊಂದೇ ಪ್ರಶ್ನೆ. ಗಂಟೆಗೊಮ್ಮೆ ಬಂದು ಬೆರಳು ಚುಚ್ಚುವಾಗ ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು.

ಶಿವು ಆಗಲೇ ಇನ್ನೊಂದು ಆಸ್ಪತ್ರೆಗೆ ಫೋನು ಹಚ್ಚಿದ್ದ. ರಾಜಣ್ಣ ಕೇಳಿದ, "ಅಲ್ವೋ ಶಿವು, ಅವ್ರು ಹೇಳ್ದೆ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಅದಕ್ಕೇನೀಗ, ಆರತಿ ಎತ್ಬೇಕಾ ಭಾವ?"

"ಎತ್ಬೇಡ. ಗೊತ್ತಾಗ್ತಿತ್ತಾ ಅಂತ ಕೇಳ್ದೆ, ಅಷ್ಟೆ."

ಉತ್ತರ ಕೊಟ್ಟದ್ದು ಪಕ್ಕದ ಹಾಸಿಗೆಯ ಶರಣಮ್ಮ. "ಎಲ್ಲೀ ಗೊತ್ತಾಗತಿತ್ತಪ್ಪಾ! ಮುಂಜಾನಿ ಆ ಹುಡುಗಿಗೆ ನಾನ ಕೇಳಿದ್ನಿ, ಇವತ್ತು ನನ್ನ ಸೂಜಿ ಯಾಕ ಹಾಕಲಿಲ್ಲವ್ವಾ ಅಂತ. ನನ್ನ ಹೆಸರು ಕೇಳಿ, ಕಾಗದ ನೋಡಿ, ಹಾಕೀನಲ್ಲಜ್ಜಿ ಅಂದ್ಳು. ಇಲ್ಲ ಬಿಡವ್ವಾ, ಆಗ ಈ ತಂಗಿ ತೋಳಿಗಿ ಹಾಕಿದಿ ನೋಡು ಅಂದ್ನಿ. ಪಾಪ, ಔಷಧಿ ಬೀರುವಿನ ಬಾಗಿಲಾ ಹಿಡಕೊಂಡು ಹಂಗ ನಿಂತ್ಳು. ಅಲ್ಲಿ ಕೇಳಾಕ ನಾ ಒಬ್ಬಾಕಿ ಮುದುಕಿ ಬಿಟ್ರ ಯಾರೂ ಇದ್ದಿಲ್ಲ. ಸುಮ್ಮನ ಹೋಗಬಹುದಿತ್ತು. ಇಲ್ಲ, ಸೀದಾ ದೊಡ್ಡ ಡಾಕ್ಟರ್ ಖೋಲಿಗಿ ಓಡಿದ್ಳು."

ಕಣ್ಣ ಮುಂದೆ ನಮ್ಮ ಲೈನು ಬಂತು. ಒಬ್ಬಳು ಕೈ ಎತ್ತಿದ್ದಾಳೆ, ಮಿಷನ್ನು ನಿಂತಿದೆ. ಆಮೇಲೆ ಮಾಡಬೇಕಾದ ಕೆಲಸ ಒಂದೇ, ಚೂರು ಹುಡುಕುವುದು. ಆದರೆ ಒಂದು ಚೂರು ನನ್ನ ಬಳಿಯೇ ಇತ್ತು. ಬಾಚಣಿಗೆಗೆಂದು ಪರ್ಸು ತೆರೆದರೆ, ಟ್ರಿಮ್ಮರಿನ ಪಕ್ಕದಲ್ಲೇ ನನ್ನ ಹೆಸರು ಹೊತ್ತುಕೊಂಡು ಪಟ್ಟಿ ಮಲಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಪರ್ಸು ಮುಚ್ಚಿ ಮಣಿಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಬೇರೆಯವರ ತಪ್ಪು ಹಿಡಿದು ಹದಿನೆಂಟು ವರ್ಷ ಸಂಬಳ ಎಣಿಸಿದವಳು ನನ್ನದೊಂದನ್ನು ಮುಚ್ಚಿಡಲು ಎಷ್ಟು ಬೇಗ ಕಲಿತೆ ನೋಡಿ.

ನನ್ನನ್ನು ಸಾಕಿದ ಅಜ್ಜಿ ಹೇಳುತ್ತಿದ್ದಳು, "ಒಟ್ಟೇಲಿಟ್ಕೊಂಡ್ ಮಾತು ಅಜೀರ್ಣ ಆಯ್ತದೆ ಮಗ." ಹೊಟ್ಟೆಯಲ್ಲಿ ಆಗಲೇ ಕಲ್ಲಿತ್ತು. ಇನ್ನೊಂದಕ್ಕೆ ಜಾಗವಿರಲಿಲ್ಲ.

ಸಂಜೆ ಡಾಕ್ಟರು ಬಂದಾಗ ಪಟ್ಟಿಯನ್ನು ತೆಗೆದು ಅವರ ಕೈಯಲ್ಲಿಟ್ಟೆ. "ಮೇಡಂ, ಇದನ್ನ ನಾನೇ ಕತ್ತರಿಸಿದ್ದು. ಚುಚ್ತಿತ್ತು ಅಂತ. ಹಾಸಿಗೆನೂ ನಾವೇ ಬದಲಾಯಿಸ್ಕೊಂಡ್ವಿ, ಯಾರಿಗೂ ಹೇಳ್ಲಿಲ್ಲ."

ಶಿವು ಹಣೆ ಹಣೆ ಚಚ್ಚಿಕೊಂಡ. "ಅಕ್ಕಾ! ಕೇಸೇ ಹೋಯ್ತಲ್ಲೇ ನಿನ್ನಿಂದ!"

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಪಟ್ಟಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. "ಏನೂ ಹೋಗಿಲ್ಲ. ಕೈಯಲ್ಲಿ ಪಟ್ಟಿ ಇಲ್ಲ ಅಂದ್ರೆ ನಾವು ಔಷಧಿನೇ ಕೊಡ್ಬಾರ್ದಿತ್ತು. ತಪ್ಪು ನಮ್ಮದೇ, ನಿಮ್ಮ ಮೇಲೆ ಹಾಕಲ್ಲ. ಆದ್ರೆ ಹೇಳಿದ್ದು ಒಳ್ಳೇದಾಯ್ತು. ನಿಜವಾಗ್ಲೂ ಚೂಪಾಗಿದೆ ಇದು. ಇನ್ನೂ ಎಷ್ಟು ಜನ ಕಿತ್ತು ಹಾಕಿದ್ದಾರೋ." ಹಿಂದೆ ನಿಂತಿದ್ದ ಪ್ರತಿಮಾಳ ಕಡೆ ತಿರುಗಿದರು. "ಈಗಲೇ ಎಲ್ಲರ ಕೈ ನೋಡ್ಕೊಂಡು ಬನ್ನಿ."

ಆಗ ನಡೆದದ್ದನ್ನು ನೀವು ನೋಡಬೇಕಿತ್ತು. ಪ್ರತಿಮಾ ಒಂದೊಂದೇ ಹಾಸಿಗೆಗೆ ಹೋಗಿ ಹೆಸರು ಕೇಳಿ ಕೈ ನೋಡುತ್ತಾ ಬಂದಳು. ಇಪ್ಪತ್ತು ಹಾಸಿಗೆಯಲ್ಲಿ ನನ್ನನ್ನು ಬಿಟ್ಟು ಇನ್ನೂ ಮೂವರ ಕೈಯಲ್ಲಿ ಪಟ್ಟಿ ಇರಲಿಲ್ಲ. ಒಬ್ಬರು ಬಳೆಗೆ ಸಿಕ್ಕಿಕೊಳ್ಳುತ್ತದೆಂದು ಕಳಚಿ ಬಳೆಯ ಜೊತೆಗೇ ಮಗಳ ಕೈಯಲ್ಲಿ ಮನೆಗೆ ಕಳಿಸಿದ್ದರು. ಇನ್ನೊಬ್ಬರು ಫ್ಲಾಸ್ಕು ಕಳುವಾಗದಿರಲೆಂದು ಅದರ ಹಿಡಿಗೆ ಕಟ್ಟಿದ್ದರು. ಮೂರನೆಯವರು ಸ್ನಾನಕ್ಕೆ ಮುಂಚೆ ಬಿಚ್ಚಿ, ನೆನೆಯದ ಹಾಗೆ ದೇವರ ಫೋಟೋದ ಹಿಂದೆ ಭದ್ರವಾಗಿಟ್ಟಿದ್ದರು. ವಾರ್ಡಿಗೆ ವಾರ್ಡೇ ನಕ್ಕಿತು. ಬೆಳಗ್ಗೆಯಿಂದ ಮುಖ ಸಡಿಲಿಸದ ಪ್ರತಿಮಾ ಕೂಡ ಫ್ಲಾಸ್ಕಿನ ಹೆಸರು ಓದುವಾಗ ನಕ್ಕಳು. ಶರಣಮ್ಮ ತಮ್ಮ ಕೈ ಮೇಲೆತ್ತಿ, "ನಂದೈತಿ ನೋಡವ್ವಾ, ನಾ ಶಾಣ್ಯಾಕಿ!" ಎಂದರು.

ನಗುತ್ತಾ ನಗುತ್ತಾ ನನ್ನ ಚಳಿ ಬಿಟ್ಟಿತು. ಈ ಆಸ್ಪತ್ರೆಯಲ್ಲಿ ಚೂರು ಹುಡುಕುತ್ತಾರೆ. ಬೇರೆ ಆಸ್ಪತ್ರೆಯಲ್ಲಿ ಸೂಜಿ ಮುರಿಯುವುದಿಲ್ಲ ಎಂದು ಯಾರು ಬರೆದುಕೊಟ್ಟಾರು? ಮುರಿದಾಗ ಅಲ್ಲಿ ಕೈ ಎತ್ತುವವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲಿ ಇದ್ದಾರೆಂದು ಕಣ್ಣಾರೆ ಕಂಡೆ.

"ನಾನು ಇಲ್ಲೇ ಮಾಡಿಸ್ಕೋತೀನಿ," ಎಂದೆ.

"ನಿನಗೆ ತಲೆ ಕೆಟ್ಟಿದೆ ಕಣೇ," ಎಂದ ಶಿವು. "ಆ ಹುಡುಗೀನಾದ್ರೂ ತೆಗೀತಾರೋ ಇಲ್ವೋ ಕೇಳು."

"ಅವಳನ್ನ ತೆಗೆದ್ರೆ ಮುಂದಿನ ಸಲ ಯಾವಳು ಬಾಯಿ ಬಿಡ್ತಾಳೋ? ನೀನು ಟೆಂಪೋ ಬಾಗಿಲಿಗೆ ಕಂಬ ಸವರಿಸಿ, ಯಾರೋ ಗುದ್ದಿ ಹೋದ್ರು ಅಂತ ಓನರಿಗೆ ಹೇಳ್ಲಿಲ್ವಾ, ಹಂಗಾಗುತ್ತೆ."

"ಅದನ್ಯಾಕೆ ಇಲ್ಲಿ ಹೇಳ್ತೀಯಾ!" ಎಂದು ಅವನು ಸುತ್ತ ನೋಡಿದ. ರಾಜಣ್ಣ ಕೆಮ್ಮುವ ನೆಪದಲ್ಲಿ ಹೊರಗೆ ಹೋದ.

ಹಾಗೆಂದು ಹೆದರಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಆಪರೇಷನ್ನಿನ ಬೆಳಗ್ಗೆ ಗಾಲಿಮಂಚದ ಮೇಲೆ ಹೋಗುವಾಗ ರಾಜಣ್ಣನ ಬೆರಳನ್ನು ಬಿಡಿಸಿಕೊಳ್ಳಲು ಇಬ್ಬರಿಗೂ ಆಗಲಿಲ್ಲ. ಆದರೆ ವಾರ್ಡಿನ ಬಾಗಿಲಲ್ಲಿ ಹೆಸರು ಕೇಳಿದರು, ಪಟ್ಟಿ ನೋಡಿದರು. ಲಿಫ್ಟಿನ ಬಳಿ ಕೇಳಿದರು. ಥಿಯೇಟರಿನ ಬಾಗಿಲಲ್ಲಿ ಕೇಳಿದರು, ಏನು ಆಪರೇಷನ್ ಎಂದು ನನ್ನ ಬಾಯಿಂದಲೇ ಹೇಳಿಸಿದರು. ಒಳಗೆ ಮತ್ತೊಮ್ಮೆ. ಅಂಗಿಯೊಂದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವ ಹಾಗೆ ಹೋದೆ. ನಾಲ್ಕನೆಯ ಸಲ ನಾನು, "ಇನ್ನೂ ಮಂಜುಳಾನೇ," ಎಂದೆ. ಮುಖವಾಡದೊಳಗಿಂದ ಯಾರೋ ನಕ್ಕ ಸದ್ದು ಕೇಳಿಸಿತು. ಆ ನಗುವನ್ನು ಹಿಡಿದುಕೊಂಡೇ ನಿದ್ದೆಗೆ ಜಾರಿದೆ.

ಎಚ್ಚರವಾದಾಗ ಒಂದು ಪುಟ್ಟ ಡಬ್ಬಿಯಲ್ಲಿ ಕಲ್ಲುಗಳನ್ನು ತೋರಿಸಿದರು. ನೆನೆದ ಕಡಲೆಕಾಳಿನಷ್ಟು ದಪ್ಪ, ಹನ್ನೆರಡು. ರಾಜಣ್ಣ ಅವನ್ನು ಬೆಳಕಿಗೆ ಹಿಡಿದು ವಾರ್ಡಿನವರಿಗೆಲ್ಲ ತೋರಿಸಿಕೊಂಡು ಬಂದ. ಎಕ್ಸ್‌ರೇ ತೋರಿಸುತ್ತಿದ್ದ ಹಿರಿಯರ ನೆನಪಾಗಿ ನಾನು "ಚೆನ್ನಾಗಿದೆ" ಎಂದೆ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕೆವು.

ಈಗ ಟೇಬಲ್ಲಿಗೆ ಮರಳಿ ಐದು ತಿಂಗಳಾಯಿತು. ಬೋಂಡ ತಿನ್ನುವುದಿಲ್ಲ, ಬೋಂಡದ ವಾಸನೆ ನೋಡುತ್ತೇನೆ. ಶರಣಮ್ಮ ಕಾಲು ಒಣಗಿಸಿಕೊಂಡು ಊರಿಗೆ ಹೋದರು, ಮಗನ ಫೋನಿನಿಂದ ಆಗಾಗ ಮಾತಾಡುತ್ತಾರೆ. ಯಾರಾದರೂ ಆಸ್ಪತ್ರೆಗೆ ಸೇರುತ್ತೇವೆಂದರೆ ನಾನು ಹೇಳುವುದು ಇಷ್ಟೇ: ಸೂಜಿ ತಂದಾಗ ಯಾಕೆಂದು ಕೇಳಿ, ಕೇಳಿದರೆ ಯಾರೂ ಬೈಯುವುದಿಲ್ಲ. ನಾನು ಕತ್ತರಿಸಿದ ಆ ಪಟ್ಟಿಯನ್ನು ಡಾಕ್ಟರು ತಮ್ಮ ಫೈಲಿನಲ್ಲಿ ಟೇಪು ಹಾಕಿ ಅಂಟಿಸಿಕೊಂಡರು. ಅದರ ಬದಲಿಗೆ ಕಟ್ಟಿದ ಎರಡನೆಯದು ನನ್ನ ಬಳಿ ಇದೆ.

ಮನೆಗೆ ಕಳಿಸುವ ದಿನ ಅದನ್ನು ತೆಗೆಯಲು ಪ್ರತಿಮಾ ಬಂದಳು. ಜೇಬೆಲ್ಲ ತಡಕಿ, "ಕತ್ತರಿ ಮರೆತೆ ಅಕ್ಕ, ತರ್ತೀನಿ ಇರಿ," ಎಂದಳು. ನಾನು ಪರ್ಸಿನಿಂದ ಟ್ರಿಮ್ಮರ್ ತೆಗೆದು ಅವಳ ಕೈಗೆ ಕೊಟ್ಟು ಮಣಿಕಟ್ಟು ಮುಂದೆ ಚಾಚಿದೆ.

ಅವಳು ಟ್ರಿಮ್ಮರನ್ನು ಹಿಡಿದುಕೊಂಡು ಹಾಗೇ ನಿಂತಳು.

"ಏನಮ್ಮಾ?"

"ಮೊದ್ಲು ಹೆಸರು ಹೇಳಿ ಅಕ್ಕ."

"ಮಂಜುಳಾ. ಗಂಡ ರಾಜಣ್ಣ. ಲಗ್ಗೆರೆ."

ಪಟ್ಟಿಯ ಮೇಲಿದ್ದುದನ್ನು ಅಕ್ಷರ ಅಕ್ಷರ ಓದಿ ನೋಡಿಕೊಂಡು, ಪ್ರತಿಮಾ ಟಕ್ ಎಂದು ಕತ್ತರಿಸಿದಳು.